ಕುಲೆಬ್ರಾಗೆ ಹೋದರೆ ಒಂದು ರಾತ್ರಿಯಾದರೂ ಉಳಿಯಿರಿ

ಅಮೆರಿಕದಲ್ಲಿರುವ ನಮ್ಮ ಕನ್ನಡದವರು ಲಾಂಗ್ ವೀಕೆಂಡ್‌ಗೆ ಸಮುದ್ರ ಹುಡುಕುತ್ತಿದ್ದರೆ ಕೆರಿಬಿಯನ್ ಸಮುದ್ರದಲ್ಲಿ, ಅಮೆರಿಕದ್ದೇ ಪ್ರದೇಶವಾದ ಪೋರ್ಟೊರಿಕೊಗೆ ಸೇರಿದ ಕುಲೆಬ್ರಾ ದ್ವೀಪ ನೋಡಿ. ನೀರಿನೊಳಗೆ ಮುಖ ಹಾಕಿ ಮೀನು, ಆಮೆ ನೋಡುವ ಆಸೆ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ. ಪೋರ್ಟೊರಿಕೊದ ರಾಜಧಾನಿ ಸಾನ್ ಹುವಾನ್‌ನಿಂದ ಕಾರಿನಲ್ಲಿ ಸೇಯ್ಬಾ ಬಂದರಿಗೆ ಹೋಗಿ ಅಲ್ಲಿ ಫೆರ್ರಿ ಹತ್ತಬೇಕು. ಟಿಕೆಟ್ ಅಗ್ಗ, ಆದರೆ ಬೇಗ ಖಾಲಿಯಾಗುತ್ತದೆ, ಅದಕ್ಕೇ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ. ದ್ವೀಪದ ಜನಕ್ಕೆ ಮೊದಲ ಆದ್ಯತೆ. ಆಸ್ಪತ್ರೆಗೂ ಸಾಮಾನಿಗೂ ಅವರು ಇದೇ ಫೆರ್ರಿ ನಂಬಿದ್ದಾರೆ, ಹಾಗಾಗಿ ಅದು ಸರಿಯೇ.

ಬಹಳ ಜನ ಬೆಳಿಗ್ಗೆ ಬಂದು, ಫ್ಲಮೆಂಕೊ ಬೀಚಿನಲ್ಲಿ ಕೂತು, ಸಂಜೆ ವಾಪಸ್ ಹೋಗುತ್ತಾರೆ. ಫ್ಲಮೆಂಕೊ ತುಂಬಾ ಚೆಂದ. ಬಾಗಿದ ಬಿಳಿ ಮರಳಿನ ದಂಡೆ, ಹಿಂದೆ ಹಸಿರು ಗುಡ್ಡ, ದೊಡ್ಡ ರೆಸಾರ್ಟ್ ಒಂದೂ ಇಲ್ಲ. ದಡದಲ್ಲಿ ತುಕ್ಕು ಹಿಡಿದ ಸೇನಾ ಟ್ಯಾಂಕ್ ನಿಂತಿದೆ, ಅದರ ಮೇಲೆಲ್ಲ ಬಣ್ಣ ಬಳಿದಿದ್ದಾರೆ. ಅಮೆರಿಕದ ನೌಕಾಪಡೆ ಇಲ್ಲಿ ದಶಕಗಳ ಕಾಲ ಬಾಂಬ್ ಹಾಕಿ ಅಭ್ಯಾಸ ಮಾಡುತ್ತಿತ್ತು. ಊರಿನವರು ಬಿಡದೆ ಹೋರಾಡಿದ್ದರಿಂದ 1975ರಲ್ಲಿ ಅದು ನಿಂತಿತು. ನಾವು ಇವತ್ತು ಅಲ್ಲಿ ನೆಮ್ಮದಿಯಾಗಿ ಈಜುವುದು ಅವರಿಂದ. ಸಿಡಿಯದ ಮದ್ದುಗುಂಡು ಇನ್ನೂ ಅಲ್ಲಲ್ಲಿ ಇರುವುದರಿಂದ ಎಚ್ಚರಿಕೆ ಫಲಕ ಕಂಡ ಕಡೆ ದಾಟಿ ಹೋಗಬೇಡಿ, ನೀರಿನಲ್ಲಿ ಲೋಹದ ವಸ್ತು ಕಂಡರೆ ಮುಟ್ಟಲೇಬೇಡಿ.

ಆದರೆ ಸ್ನಾರ್ಕೆಲಿಂಗ್‌ಗೆ, ಅಂದರೆ ಮುಖವಾಡ, ಉಸಿರಾಟದ ಕೊಳವೆ ಹಾಕಿಕೊಂಡು ತೇಲುತ್ತ ನೀರಿನಡಿ ನೋಡುವುದಕ್ಕೆ, ಫ್ಲಮೆಂಕೊ ಅಷ್ಟಕ್ಕಷ್ಟೆ, ತಳದಲ್ಲಿ ಬರೀ ಮರಳು. ಅಲ್ಲಿನ ಪಾರ್ಕಿಂಗ್ ಹತ್ತಿರದಿಂದ ಗುಡ್ಡ ಹತ್ತಿ ಇಳಿಯುವ ಕಾಲುದಾರಿ ಹಿಡಿದು ಕಾರ್ಲೋಸ್ ರೊಸಾರಿಯೊ ಬೀಚಿಗೆ ನಡೆಯಿರಿ. ಅಂಗಡಿ, ನೆರಳು, ಕುಡಿಯುವ ನೀರು ಏನೂ ಇಲ್ಲ, ಎಲ್ಲ ಹೊತ್ತುಕೊಂಡೇ ಹೋಗಬೇಕು. ದಡದಿಂದ ಸ್ವಲ್ಪ ದೂರ ಈಜಿದರೆ ಹವಳದ ದಿಬ್ಬ ಸಿಗುತ್ತದೆ: ಬೀಸಣಿಗೆ ಬಿಚ್ಚಿಟ್ಟ ಹಾಗೆ ನೇರಳೆ ಸೀ ಫ್ಯಾನ್ ಹವಳಗಳು, ಅವುಗಳ ನಡುವೆ ಹವಳ ಕೆರೆದು ತಿನ್ನುವ ಪ್ಯಾರಟ್ ಮೀನು, ಸ್ವಲ್ಪ ಸುಮ್ನೆ ತೇಲಿದರೆ ಕರ್ ಕರ್ ಸದ್ದು ಕೂಡ ಕೇಳುತ್ತದೆ. ಇಲ್ಲಿ ಮೀನು ಹಿಡಿಯುವುದು ನಿಷೇಧ, ಅದರ ಫಲ ಕಣ್ಣಿಗೆ ಕಾಣುತ್ತದೆ ಅಲ್ವಾ? ಕೆಲವು ಕಡೆ ಹವಳ ಸತ್ತು ಬರೀ ಕಲ್ಲಾಗಿದೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಹವಳದ ಮೇಲೆ ಕಾಲಿಡಬೇಡಿ. ಹವಳಕ್ಕೆ ಹಾನಿ ಮಾಡಬಲ್ಲ ಸನ್‌ಸ್ಕ್ರೀನ್ ಮೆತ್ತಿಕೊಳ್ಳುವ ಬದಲು ತುಂಬು ತೋಳಿನ ಈಜುಡುಗೆ ಹಾಕಿಕೊಳ್ಳಿ.

ಆಮೆ ನೋಡಬೇಕೆಂದರೆ ತಮರಿಂದೊ ಬೀಚ್. ನೀರಿನಡಿಯ ಹುಲ್ಲು ಮೇಯಲು ಹಸಿರು ಆಮೆಗಳು ಬರುತ್ತವೆ. ಅಟ್ಟಿಸಿಕೊಂಡು ಹೋಗದೆ ದೂರದಲ್ಲೇ ತೇಲುತ್ತಿದ್ದರೆ ಅವು ಆಗಾಗ ಮೇಲೆ ಬಂದು ಉಸಿರೆಳೆದುಕೊಂಡು ಮತ್ತೆ ಮೇಯಲು ಇಳಿಯುತ್ತವೆ. ಫೆರ್ರಿಯ ಗಡಿಬಿಡಿ ಇಲ್ಲದ ಮುಂಜಾನೆಯೇ ಇದಕ್ಕೆ ಸರಿ, ಅದಕ್ಕೇ ಉಳಿಯಿರಿ ಎಂದದ್ದು.

ಓಡಾಡಲು ಜೀಪ್ ಅಥವಾ ಗಾಲ್ಫ್ ಕಾರ್ಟ್ ಬಾಡಿಗೆಗೆ ಸಿಗುತ್ತದೆ, ಬೆಲೆ ಜಾಸ್ತಿ. ಬರೀ ಫ್ಲಮೆಂಕೊ ಕಡೆಗಾದರೆ ಬಂದರಿನಲ್ಲಿ ನಿಲ್ಲುವ ವ್ಯಾನ್ ಸಾಕು. ಸಸ್ಯಾಹಾರಿಗಳಿಗೆ ಒಂದು ಮಾತು: ಅನ್ನದ ಜೊತೆ ಕೊಡುವ ಬೀನ್ಸ್‌ಗೆ ಹಂದಿಮಾಂಸ ಹಾಕಿರಬಹುದು, ಕೇಳಿಯೇ ತಿನ್ನಿ. ಬಾಳೆಕಾಯಿ ಜಜ್ಜಿ ಕರಿದ ತೊಸ್ತೋನೆಸ್ ಎಲ್ಲ ಕಡೆ ಸಿಗುತ್ತದೆ, ಬಿಸಿಬಿಸಿ ಇರುವಾಗ ಬಹಳ ರುಚಿ.