ವಿದ್ಯಾರ್ಥಿ ಕಿರುಚಿತ್ರಕ್ಕೆ ಯಾವ ಜಾನರ್? ಐದನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ

ಐದಾರು ಜನರ ತಂಡ, ಒಂದು ಕ್ಯಾಮೆರಾ, ಎರಡು ದಿನದ ಶೂಟಿಂಗ್, ಆರು ನಿಮಿಷದ ಚಿತ್ರ. ವಿದ್ಯಾರ್ಥಿ ಪ್ರಾಜೆಕ್ಟ್ ಎಂದರೆ ಬಹುತೇಕ ಇಷ್ಟೇ. ಈ ಮಿತಿಯೊಳಗೆ ಮಾಡಿ ನೋಡಿದ ಮೇಲೆ ಬಂದ ಹೋಲಿಕೆ ಇದು. ಯಾವ ಜಾನರ್ (ಚಿತ್ರದ ಬಗೆ) ಇಷ್ಟ ಎನ್ನುವುದು ಆಮೇಲಿನ ಮಾತು. ತಂಡದಲ್ಲಿ ಯಾವ ಕೆಲಸ ಇನ್ನೂ ಕೈಗೆ ಹತ್ತಿಲ್ಲವೋ ಅದನ್ನು ಯಾವ ಜಾನರ್ ಮರೆಮಾಚುತ್ತದೆ, ಯಾವುದು ಬಯಲಿಗೆಳೆಯುತ್ತದೆ ಎಂಬುದೇ ಮೊದಲ ಲೆಕ್ಕ.

ಹಾರರ್ ಅಗ್ಗ ಎಂದು ಎಲ್ಲರೂ ಮೊದಲು ಅದಕ್ಕೇ ಕೈ ಹಾಕುತ್ತಾರೆ. ಸಂಭಾಷಣೆ ಕಡಿಮೆ, ನಟನೆ ಸಾಧಾರಣವಾದರೂ ನಡೆಯುತ್ತದೆ, ಒಂದು ಖಾಲಿ ಮನೆ ಸಿಕ್ಕರೆ ಸಾಕು. ಇದೆಲ್ಲ ನಿಜವೇ. ಎಡವುವುದು ಬೆಳಕಿನಲ್ಲಿ. ಕತ್ತಲು ಬೇಕೆಂದು ದೀಪ ಆರಿಸಿ, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು ಹೇಳುವ ಐಎಸ್‌ಒ 6400ಕ್ಕೆ ಏರಿಸಿದರೆ ಸಣ್ಣ ಸೆನ್ಸರ್‌ನ ಕ್ಯಾಮೆರಾಗಳಲ್ಲಿ ಕಪ್ಪು ಜಾಗವೆಲ್ಲ ಬಣ್ಣದ ಕಾಳುಗಳಿಂದ ಗಿಜಿಗುಡುತ್ತದೆ. ತೆರೆಯ ಮೇಲೆ ಕತ್ತಲು ಕಾಣಬೇಕಾದರೆ ಚೌಕಟ್ಟಿನಲ್ಲಿ ಎಲ್ಲೋ ಒಂದು ಕಡೆ ಬೆಳಕೂ ಇರಬೇಕು. ಅರ್ಧ ತೆರೆದ ಬಾಗಿಲು, ಅದರ ಹಿಂದೆ ಪಡಸಾಲೆಯಲ್ಲಿ ಒಂದು ದೀಪ, ನೆಲದ ಮೇಲೆ ಬಿದ್ದ ಬೆಳಕಿನ ಪಟ್ಟಿ; ಪಾತ್ರದ ಒಂದು ಕೆನ್ನೆಗೆ ಮಾತ್ರ ಹಿಂದಿನಿಂದ ಸಣ್ಣ ಎಲ್‌ಇಡಿ. ಐಎಸ್‌ಒ 800ರ ಆಸುಪಾಸಿನಲ್ಲೇ ಇಟ್ಟು, ಮುಖವನ್ನು ಒಂದೂವರೆ ಸ್ಟಾಪ್‌ನಷ್ಟು ಕೆಳಗೆ ಎಕ್ಸ್‌ಪೋಸ್ ಮಾಡಿ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ), ಉಳಿದದ್ದನ್ನು ಎಡಿಟಿಂಗ್‌ನಲ್ಲಿ ಇಳಿಸಿ. ಇನ್ನೊಂದು ಅಪಾಯವನ್ನು ಯಾರೂ ನೆನೆಸಿಕೊಳ್ಳುವುದಿಲ್ಲ: ಕಿಟಕಿಯ ಪರದೆ ಸರಿಯಾಗಿ ಮುಚ್ಚದ ತರಗತಿಯ ಪ್ರೊಜೆಕ್ಟರ್‌ನಲ್ಲಿ ಆ ಚೆಂದದ ಕತ್ತಲೆಲ್ಲ ಬೂದು ಬಣ್ಣದ ಗೋಡೆಯಾಗಿಬಿಡುತ್ತದೆ. ಜೊತೆಗೆ, ಹೆದರಿಸುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಶಬ್ದದ್ದು. ಸೌಂಡ್ ಕೂಡಿಸಲು ಒಂದು ವಾರ ಇಲ್ಲವೆಂದಾದರೆ ಹಾರರ್ ಬೇಡ.

ಅದೇ ಖಾಲಿ ಮನೆಯಲ್ಲಿ ಸಸ್ಪೆನ್ಸ್ ಥ್ರಿಲ್ಲರ್ ಹೆಚ್ಚು ಸುಲಭ, ಮೊದಲ ಚಿತ್ರಕ್ಕೆ ನಮ್ಮ ಮತವೂ ಇದಕ್ಕೇ. ಪಾತ್ರಕ್ಕೆ ಗೊತ್ತಿಲ್ಲದ ಒಂದು ಸಂಗತಿ ನೋಡುಗರಿಗೆ ಗೊತ್ತಿದ್ದರೆ ಸಾಕು, ಹಗಲು ಬೆಳಕಿನಲ್ಲೂ ಉಸಿರು ಬಿಗಿಹಿಡಿಸಬಹುದು. ಬೀಗದ ಕೈ, ಗಡಿಯಾರ, ಮೇಜಿನ ಕೆಳಗಿನ ಚೀಲ ಮುಂತಾದ ಕ್ಲೋಸಪ್‌ಗಳಿಗೆ ನಟರೇ ಬೇಡ. ಅವರನ್ನು ಮನೆಗೆ ಕಳಿಸಿ ಕೊನೆಗೆ ತೆಗೆಯಬಹುದು. ಕೈಕೊಡುವುದು ಕಂಟಿನ್ಯುಟಿ: ಚೀಲ ಒಂದು ಶಾಟ್‌ನಲ್ಲಿ ಎಡಗೈಯಲ್ಲಿ, ಮುಂದಿನದರಲ್ಲಿ ಬಲಗೈಯಲ್ಲಿ. ಪ್ರತಿ ಸೆಟಪ್ (ಕ್ಯಾಮೆರಾ, ದೀಪಗಳ ಒಂದು ಜೋಡಣೆ) ಮುಗಿದ ಕೂಡಲೇ ಫೋನಿನಲ್ಲಿ ಒಂದು ಫೋಟೊ ಹಿಡಿದಿಡಿ. ಆಟಿಕೆ ಬಂದೂಕು ಹಿಡಿದು ಬೀದಿಯಲ್ಲಿ ಓಡುವ ದೃಶ್ಯವನ್ನು ಬರೆಯಲೇಬೇಡಿ, ನೋಡಿದವರಿಗೆ ಅದು ಆಟಿಕೆಯೆಂದು ತಿಳಿಯುವುದಿಲ್ಲ.

ಡ್ರಾಮಾಗೆ ಬೆಳಕು ಸುಲಭ, ನಟರು ಕಷ್ಟ. ಇಬ್ಬರು ಎರಡು ನಿಮಿಷ ಮಾತಾಡುವ ದೃಶ್ಯಕ್ಕೆ ಒಂದು ವೈಡ್, ಎರಡು ಓವರ್ ದ ಶೋಲ್ಡರ್ (ಒಬ್ಬರ ಭುಜದ ಹಿಂದಿನಿಂದ ಇನ್ನೊಬ್ಬರ ಮುಖ), ಎರಡು ಕ್ಲೋಸಪ್ ಎಂದರೆ ಐದು ಸೆಟಪ್. ಒಂದೊಂದಕ್ಕೆ ಮೂರು ಟೇಕ್ ಎಂದರೂ ಅರ್ಧ ಗಂಟೆಯ ಫುಟೇಜ್. ಕ್ಯಾಮೆರಾ, ದೀಪ ಸರಿಸುವುದನ್ನೂ ಸೇರಿಸಿದರೆ ಅರ್ಧ ದಿನ ಹೋಯಿತು. ಗೆಳೆಯರನ್ನೇ ನಿಲ್ಲಿಸಿದರೆ ವೈಡ್‌ನಲ್ಲಿ ನಡೆದುಹೋಗುತ್ತದೆ, ಕ್ಲೋಸಪ್‌ನಲ್ಲಿ ಕಣ್ಣು ಸುಳ್ಳಾಡುವುದು ಕಂಡೇ ಕಾಣುತ್ತದೆ. ಬೂಮ್ ಮೈಕ್ (ಕೋಲಿನ ತುದಿಯ ಮೈಕ್) ಬಾಯಿಯಿಂದ ಒಂದು ಮೀಟರ್ ಒಳಗೇ ಇರಲಿ. ಫ್ಯಾನ್, ಫ್ರಿಜ್ ಆರಿಸಿ. ಫ್ರಿಜ್ಜನ್ನು ಮತ್ತೆ ಹಾಕಲು ಮರೆಯದಿರುವ ಹಳೆಯ ಉಪಾಯವೆಂದರೆ ಗಾಡಿಯ ಕೀಲಿಯನ್ನು ಅದರೊಳಗೇ ಇಡುವುದು. ಜಾಗ ಬಿಡುವ ಮೊದಲು ಎಲ್ಲರೂ ಸುಮ್ಮನೆ ನಿಂತು ಒಂದು ನಿಮಿಷ ರೂಮ್ ಟೋನ್, ಅಂದರೆ ಕೋಣೆಯ ಖಾಲಿ ಸದ್ದು, ಹಿಡಿಯಿರಿ. ಸಂಭಾಷಣೆಯ ನಡುವಿನ ಕಟ್ಟುಗಳನ್ನು (ಎಡಿಟಿಂಗ್‌ನಲ್ಲಿ ಕತ್ತರಿಸಿದ ಜಾಗಗಳನ್ನು) ಮುಚ್ಚುವುದು ಅದೇ.

ಕಾಮಿಡಿ ಇವೆಲ್ಲಕ್ಕಿಂತ ನಿರ್ದಯ. ಹಾರರ್ ಅರ್ಧ ಕೆಟ್ಟರೂ ವಾತಾವರಣ ಉಳಿಯುತ್ತದೆ, ನಗು ಬರದ ಕಾಮಿಡಿಯಲ್ಲಿ ಏನೂ ಉಳಿಯುವುದಿಲ್ಲ. ಸೆಕೆಂಡಿಗೆ 25 ಫ್ರೇಮ್ ಇರುವಾಗ ಪ್ರತಿಕ್ರಿಯೆಯ ಶಾಟ್ ಆರು ಫ್ರೇಮ್ ತಡವಾದರೆ, ಅಂದರೆ ಕಾಲು ಸೆಕೆಂಡ್, ಜೋಕು ಸತ್ತಿತು. ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿಟ್ಟು ಟೈಮಿಂಗ್ ಅನ್ನು ನಟರಿಗೇ ಬಿಡುವುದು ಕ್ಷೇಮ. ಎಂಟನೇ ಟೇಕ್ ಹೊತ್ತಿಗೆ ಅವರ ಉತ್ಸಾಹವೂ ಇಳಿದಿರುತ್ತದೆ, ಹಾಗಾಗಿ ತಾಲೀಮು ಮೊದಲೇ ಮುಗಿಸಿ. ಸ್ಕ್ರಿಪ್ಟನ್ನು ತಂಡದ ಹೊರಗಿನ ಮೂವರಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು ನಗದಿದ್ದರೆ ಕ್ಯಾಮೆರಾ ನಗಿಸುವುದಿಲ್ಲ.

ಸಾಕ್ಷ್ಯಚಿತ್ರಕ್ಕೆ ತಂಡ ಚಿಕ್ಕದಾದಷ್ಟೂ ಒಳ್ಳೆಯದು, ಇಬ್ಬರಾದರೂ ಸಾಕು. ಆದರೆ ಎರಡು ದಿನದ ಶೂಟಿಂಗ್ ಎಂಬ ಲೆಕ್ಕ ಇಲ್ಲಿ ಮುರಿಯುತ್ತದೆ. ಆರು ನಿಮಿಷಕ್ಕೆ ಮೂರು ಗಂಟೆ ಫುಟೇಜ್ ಕೂಡುವುದು ಮಾಮೂಲು, ಕಥೆ ಸಿಗುವುದು ಎಡಿಟಿಂಗ್ ಮೇಜಿನ ಮೇಲೆ. ಸಂದರ್ಶನ ಕೊಡುವ ವ್ಯಕ್ತಿಗೆ ಪ್ರಶ್ನೆಯನ್ನೂ ಸೇರಿಸಿ ಉತ್ತರಿಸಲು ಹೇಳಿ. ಬರೀ ‘ಹೌದು, ಆಗ ಕಷ್ಟ ಇತ್ತು’ ಎಂಬ ಉತ್ತರವನ್ನು ಯಾವುದಕ್ಕೂ ಜೋಡಿಸಲಾಗದು. ಒಪ್ಪಿಗೆ ಪತ್ರಕ್ಕೆ ಕ್ಯಾಮೆರಾ ಆನ್ ಆಗುವ ಮೊದಲೇ ಸಹಿ ಆಗಲಿ. ವ್ಯಕ್ತಿ ಕೊನೇ ಗಳಿಗೆಯಲ್ಲಿ ಹಿಂದೆ ಸರಿದರೆ ಏನು ಮಾಡುವುದೆಂದು ಎರಡನೆಯ ಹೆಸರೊಂದು ಕೈಯಲ್ಲಿರಲಿ.

ಎರಡು ಜಾನರ್ ನಡುವೆ ತಂಡ ಜಗ್ಗಾಡುತ್ತಿದ್ದರೆ ಚರ್ಚೆ ನಿಲ್ಲಿಸಿ, ಎರಡರಲ್ಲೂ ಒಂದೊಂದು ಪುಟ ಬರೆಯಿರಿ. ಒಂದೇ ಮಧ್ಯಾಹ್ನದಲ್ಲಿ ಎರಡನ್ನೂ ಫೋನಿನಲ್ಲೇ ತೆಗೆದು, ಅದೇ ರಾತ್ರಿ ಜೋಡಿಸಿ, ಮರುದಿನ ಪ್ರದರ್ಶನ ನಡೆಯುವ ಕೋಣೆಯ ಪ್ರೊಜೆಕ್ಟರ್‌ನಲ್ಲೇ ಹಾಕಿ ನೋಡಿ.