ಇಂಟರ್ನ್‌ಶಿಪ್ ಮೊದಲ್ನೇ ದಿನ ಮತ್ತು ನನ್ನ ಲಿಟ್‌ಮನ್ ಕ್ಲಾಸಿಕ್ 3

ನಿನ್ನೆ ಮೆಡಿಸಿನ್ ವಾರ್ಡಲ್ಲಿ ಇಂಟರ್ನ್‌ಶಿಪ್ ಶುರುವಾಯ್ತು, ಅದಕ್ಕೆ ಅಂತಾನೇ ಈ ಸ್ಟೆತಸ್ಕೋಪ್ ತಗೊಂಡಿದ್ದೆ. ಒಂದೇ ದಿನಕ್ಕೆ ರಿವ್ಯೂನಾ ಅಂತ ಕೇಳ್ಬೋದು, ಆದ್ರೆ ಬೆಳಗ್ಗೆಯಿಂದ ರಾತ್ರಿವರೆಗೂ ಬೆಡ್ ಬೆಡ್‌ಗೂ ಹೋಗಿ ಬಿಪಿ ನೋಡೋದು, ಎದೆ ಕೇಳೋದು, ಬರೆಯೋದು, ಮತ್ತೆ ಮುಂದಿನ ಬೆಡ್ಡು, ಹಳೇ ಸ್ಟೆತ್‌ನ ಕಾಲೇಜಲ್ಲಿ ಒಂದು ತಿಂಗಳು ಬಳಸ್ತಿದ್ದಷ್ಟು ಇದನ್ನ ನಿನ್ನೆ ಒಂದೇ ದಿನ ಬಳಸಿದೀನಿ.

ಆ ಹಳೇದ್ರ ಹೆಸರು ಬೇಡ. ಟ್ಯೂಬ್ ಕೋಟಿಗೆ ತಾಗಿದ್ರೂ ಬರಬರ ಸದ್ದು, ಇಯರ್‌ಟಿಪ್ ಗಟ್ಟಿ, ಸ್ವಲ್ಪ ಹೊತ್ತಿಗೇ ಕಿವಿ ನೋವು. ಮರ್ಮರ್ (ಹೃದಯ ಬಡಿತದ ನಡುವೆ ಬರೋ ಸುಯ್ ಅನ್ನೋ ಸದ್ದು) ಕೇಳ್ಸ್ತಾ ಅಂತ ಸರ್ ಕೇಳ್ದಾಗ ಎಲ್ರೂ ಹೂಂ ಅಂದ್ರೆ ನಾನೂ ಹೂಂ ಅಂದಿದೀನಿ, ಅದು ಮನಸ್ಸಿಗೆ ತುಂಬಾ ಚುಚ್ತಿತ್ತು.

ಇದ್ರಲ್ಲಿ ಇಯರ್‌ಟಿಪ್ ಮೆತ್ತಗಿದೆ, ಕಿವಿಗೆ ಸರಿಯಾಗಿ ಕೂತ್ಕೊಂಡ್ರೆ ವಾರ್ಡಿನ ಗಲಾಟೆ ಅರ್ಧ ನಿಂತೋಗತ್ತೆ. ಡಯಾಫ್ರಮ್‌ನ, ಅಂದ್ರೆ ಎದೆಗೆ ತಾಗೋ ಚಪ್ಪಟೆ ಪೊರೆನ, ಹಗುರವಾಗಿ ಇಟ್ರೆ ತಗ್ಗಿನ ಸದ್ದು, ಒತ್ತಿದ್ರೆ ಏರು ಸದ್ದು ಚೆನ್ನಾಗಿ ಕೇಳ್ಸತ್ತೆ, ಬೆಲ್‌ಗೆ (ತಗ್ಗಿನ ಸದ್ದು ಕೇಳೋಕೆ ಇರೋ ಬಟ್ಟಲಿನಂಥ ಬದಿ) ಅಂತ ತಿರುಗಿಸ್ಬೇಕಿಲ್ಲ. ಎಷ್ಟು ಒತ್ಬೇಕು ಅನ್ನೋದು ಕೈಗೆ ಬರೋಕೆ ಅರ್ಧ ದಿನ ಬೇಕಾಯ್ತು. ಹಿಂದಗಡೆ ಚಿಕ್ಕ ಸೈಡ್ ಮಕ್ಕಳಿಗೆ, ತೆಳ್ಳಗಿರೋರಿಗೂ ಆಗತ್ತೆ.

ರೌಂಡ್ಸಲ್ಲಿ ಒಬ್ರು ಅಜ್ಜಿ, ಮಲಗೋಕಾಗ್ದೆ ದಿಂಬಿಗೆ ಒರಗಿ ಕೂತಿದ್ರು. ಸೀನಿಯರ್ ಮೇಡಂ "ಬೆನ್ನಿನ ಕೆಳಗಡೆ ಇಡು, ಬಾಯಿ ತೆಗೆದು ಉಸಿರು ಎಳ್ಕೊಳಕ್ಕೆ ಹೇಳು" ಅಂದ್ರು. ಇಟ್ಟೆ. ಉಸಿರು ಒಳಗೆ ಹೋಗ್ತಾ ಕೊನೇಲಿ ಸಣ್ಣಗೆ ಚರಚರ, ಕಿವಿ ಪಕ್ಕ ಕೂದಲನ್ನ ಎರಡು ಬೆರಳಲ್ಲಿ ತಿಕ್ಕಿದ್ರೆ ಬರತ್ತಲ್ಲ, ಥೇಟ್ ಅದೇ! ಇಷ್ಟು ವರ್ಷ ಓದಿದ್ದ ಕ್ರೆಪ್ಸ್, ಅಂದ್ರೆ ಶ್ವಾಸಕೋಶದ ಈ ಚರಚರ ಸದ್ದು, ಮೊದಲ್ನೇ ಸಲ ನನ್ನ ಕಿವಿಗೇ ಬಿತ್ತು. ಅಜ್ಜಿ "ಏನ್ ಕೇಳ್ಸ್ತು ಮಗಾ" ಅಂದ್ರು. ಖುಷಿ ಪಡೋ ಹೊತ್ತಲ್ಲ ಅದು ಅಂತ ಆಗ ಅನ್ಸ್ತು, ಎದೇಲಿ ಸ್ವಲ್ಪ ನೀರು ತುಂಬಿದೆ ಅಜ್ಜಿ, ಇಳಿಸೋಕೆ ಔಷಧಿ ಕೊಡ್ತಾರೆ ಅಂತ ಕೈ ಹಿಡ್ಕೊಂಡು ಹೇಳ್ದೆ.

ಹೊಸದಾಗಿ ತಗೊಳೋರಿಗೆ, ಇಯರ್‌ಟಿಪ್ ಮುಂದಕ್ಕೆ, ಅಂದ್ರೆ ಮೂಗಿನ ಕಡೆ ವಾಲಿರೋ ಹಾಗೆ ಹಾಕಿ, ಉಲ್ಟಾ ಹಾಕಿದ್ರೆ ಎಷ್ಟು ಒಳ್ಳೇದಿದ್ರೂ ಸರಿಯಾಗಿ ಕೇಳ್ಸಲ್ಲ. ಪ್ರತಿ ಪೇಷೆಂಟ್ ಆದ್ಮೇಲೆ 70% ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಮುಳುಗಿಸ್ಬೇಡಿ. ಬರಿ ಕತ್ತಿಗೆ ನೇತು ಹಾಕ್ಕೊಂಡ್ರೆ ಚರ್ಮದ ಎಣ್ಣೆಗೆ ಟ್ಯೂಬ್ ಬೇಗ ಗಟ್ಟಿಯಾಗತ್ತೆ, ಕಾಲರ್ ಮೇಲೆ ಇರ್ಲಿ. ಹೆಸರು ಬರೆದು ಅಂಟಿಸಿ, ವಾರ್ಡಲ್ಲಿ ಎಲ್ರದ್ದೂ ಒಂದೇ ಥರ ಇರತ್ತೆ.

ರಾತ್ರಿ ಹೊರಡೋ ಮುಂಚೆ ಅಜ್ಜಿ ಬೆನ್ನಿಗೆ ಮತ್ತೆ ಇಟ್ಟು ನೋಡ್ದೆ. ಇಂಜೆಕ್ಷನ್ ಕೆಲ್ಸ ಮಾಡಿತ್ತು, ಚರಚರ ತೀರಾ ಕೆಳಗೆ ಅಷ್ಟೇ ಉಳ್ದಿತ್ತು.