ಪೈಥಾನ್‌ನ ಸ್ಕ್ಯಾನ್‌ಡಿರ್: ಲಿನಕ್ಸ್‌ಗೂ ವಿಂಡೋಸ್‌ಗೂ ಒಂದೇ ಕೋಡ್ ಸಾಕೇ?

ಕಾಸರಗೋಡಿನ ಕನ್ನಡ ಶಾಲೆಗಳ ಲ್ಯಾಬಿನಲ್ಲಿ ಕೇರಳದ ಶಾಲೆಗಳಿಗೆಂದೇ ಮಾಡಿದ ಕೈಟ್ ಲಿನಕ್ಸ್, ಹೆಚ್ಚಿನ ಮನೆಗಳಲ್ಲಿ ವಿಂಡೋಸ್. ಎರಡರಲ್ಲೂ ಓಡಬೇಕಾದ ಪ್ರೋಗ್ರಾಮಿಗೆ ಫೋಲ್ಡರ್ ಓದಲು, 2015ರಲ್ಲಿ ಪೈಥಾನ್ 3.5ರೊಂದಿಗೆ ಬಂದ, ಓಎಸ್ ಮಾಡ್ಯೂಲಿನ ಸ್ಕ್ಯಾನ್‌ಡಿರ್ ಎಂಬ ಫಂಕ್ಷನ್ ಒಳ್ಳೆಯ ಆಯ್ಕೆ. ಫೈಲೋ ಫೋಲ್ಡರೋ ಎಂಬುದು ಹೆಸರಿನ ಜೊತೆಗೇ ಸಿಗುವುದರಿಂದ ಪ್ರತಿಯೊಂದಕ್ಕೂ ಮತ್ತೆ ಸಿಸ್ಟಮ್ಮನ್ನು ಕೇಳುವ ಕೆಲಸ ಬಹುಪಾಲು ತಪ್ಪುತ್ತದೆ. ಸಾವಿರಾರು ಫೈಲುಗಳಿರುವಲ್ಲಿ ಈ ವೇಗ ಕಣ್ಣಿಗೇ ಕಾಣುತ್ತದೆ.

ಆದರೆ ಅನುಕ್ರಮದ ಖಾತರಿ ಇಲ್ಲ. ವಿಂಡೋಸಿನ ಫೈಲ್ ವ್ಯವಸ್ಥೆ ಎನ್‌ಟಿಎಫ್‌ಎಸ್ ಹೆಸರುಗಳನ್ನು ಸಾಮಾನ್ಯವಾಗಿ ಅಕಾರಾದಿಯಾಗಿ ಕೊಡುತ್ತದೆ, ಲಿನಕ್ಸಿನ ಎಕ್ಸ್ಟ್4 ಹಾಗೆ ಕೊಡುವುದಿಲ್ಲ. ವಿಂಡೋಸಿನಲ್ಲಷ್ಟೇ ಪರೀಕ್ಷಿಸಿದ ಕೋಡ್ ಲ್ಯಾಬಿನಲ್ಲಿ ತಪ್ಪುವುದು ಇಲ್ಲೇ. ಹೆಸರಿನ ಪ್ರಕಾರ ಜೋಡಿಸಲು ಸಾರ್ಟೆಡ್ ಫಂಕ್ಷನ್ ಹಾಕಲೇಬೇಕು.

ಕನ್ನಡ ಹೆಸರುಗಳಿಗೆ ಇನ್ನೊಂದು ತೊಡಕಿದೆ. ‘ಮಂಜೇಶ್ವರ’ದ ಏತ್ವ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿರಬಹುದು, ಎರಡಾಗಿ ಒಡೆದೂ ಇರಬಹುದು. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಒಡೆದೇ ಉಳಿಸುತ್ತದೆ. ನೋಡಲು ಒಂದೇ, ಹೋಲಿಸಿದರೆ ಬೇರೆ! ಹೋಲಿಸುವಾಗ, ಜೋಡಿಸುವಾಗ ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ನಿಂದ ಎನ್‌ಎಫ್‌ಸಿಗೆ, ಅಂದರೆ ಒಡೆಯದೆ ಕೂಡಿಸಿದ ರೂಪಕ್ಕೆ, ತನ್ನಿ. ಫೈಲ್ ತೆರೆಯಲು ಮಾತ್ರ ಸಿಕ್ಕಿದ ಮೂಲ ಹೆಸರನ್ನೇ ಬಳಸಿ.

ವಿಂಡೋಸಿನಲ್ಲಿ ಸ್ಕ್ಯಾನ್‌ಡಿರ್ ಕೊಡುವ ಸ್ಟ್ಯಾಟ್‌ನಲ್ಲಿ (ಫೈಲಿನ ವಿವರಗಳಲ್ಲಿ) ಐನೋಡ್ ಸಂಖ್ಯೆ, ಅಂದರೆ ಫೈಲನ್ನು ಗುರುತಿಸುವ ಸಂಖ್ಯೆ, ಸೊನ್ನೆ. ಬೇಕಿದ್ದರೆ ಓಎಸ್ ಸ್ಟ್ಯಾಟ್ ಪ್ರತ್ಯೇಕವಾಗಿ ಕರೆಯಿರಿ. ಒಳಫೋಲ್ಡರುಗಳನ್ನೂ ಓದಲು ಓಎಸ್ ವಾಕ್ ಅನುಕೂಲ, ಆದರೆ ಅನುಮತಿಯಿಲ್ಲದ ಫೋಲ್ಡರನ್ನು ಅದು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ದೋಷ ತಿಳಿಸುವ ಫಂಕ್ಷನನ್ನು ಆನ್‌ಎರರ್‌ಗೆ ಕೊಟ್ಟೇ ಬಳಸಿ.